ಅಪ್‌ಡೇಟ್: ಲಾರಿ ಇಂಜಿನ್‌ನ ಟಕ್ ಟಕ್ ಸದ್ದಿಗೆ ಕೊನೆಗೂ ಸಂಪ್ ಬಿಚ್ಚಿದೆವು

ಹೋದ ತಿಂಗಳು ಕೇಳಿದ್ದೆ ಅಲ್ವಾ, ನಮ್ಮ ಆರು ಸಿಲಿಂಡರ್ ಲಾರಿ ಇಂಜಿನ್ ಬಿಸಿಯಾದರೆ ಆಯಿಲ್ ಪ್ರೆಶರ್ ಇಳಿಯುತ್ತೆ, ಕೆಳಗಡೆ ಟಕ್ ಟಕ್ ಅನ್ನುತ್ತೆ ಅಂತ. ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ ರಾಡ್ ಕ್ರ್ಯಾಂಕ್ ಶಾಫ್ಟ್ ಹಿಡಿಯುವ ಕಡೆಯ ಬೇರಿಂಗ್) ಹೋಗಿದೆ ಅಂದವರೇ ಗೆದ್ದರು.

ಪೀಣ್ಯದ ಗ್ಯಾರೇಜಲ್ಲಿ ಸಂಪ್ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಇಳಿಸಿದೆವು. ನಾಲ್ಕನೇ ರಾಡ್‌ನ ಮೇಲಿನ ಶೆಲ್ (ಬೇರಿಂಗ್‌ನ ಅರ್ಧ ಬಳೆ) ನೋಡಿ ಎದೆ ಧಸಕ್ ಅಂತು. ಬೂದು ಪದರ ಸವೆದು ತಾಮ್ರ ಕಾಣುತ್ತಿತ್ತು, ಉಗುರು ಆಡಿಸಿದರೆ ಗೀರು ಸಿಗುತ್ತಿತ್ತು. ಕ್ಯಾಪ್ ಕಡೆಯ, ಅಂದ್ರೆ ಕೆಳಗಿನ ಶೆಲ್ ಅಷ್ಟು ಹಾಳಾಗಿರಲಿಲ್ಲ, ಯಾಕಂದ್ರೆ ಡೀಸೆಲ್ ಉರಿಯುವ ಪೆಟ್ಟೆಲ್ಲ ಬೀಳೋದು ಮೇಲಿನದಕ್ಕೇ. ಮೇಸ್ತ್ರಿ "ಸುಮ್ನೆ ಪಾಲಿಶ್ ಹೊಡೆದು ಹೊಸ ಶೆಲ್ ಹಾಕೋಣ ಸಾರ್" ಅಂದರು. ನಾನು ಒಪ್ಪಲಿಲ್ಲ. ಮೈಕ್ರೋಮೀಟರ್ ಹಿಡಿದರೆ ಕ್ರ್ಯಾಂಕ್ ಪಿನ್ (ಕ್ರ್ಯಾಂಕ್ ಶಾಫ್ಟ್‌ನಲ್ಲಿ ಶೆಲ್ ಕೂರುವ ಜಾಗ) ದುಂಡಗಿಲ್ಲ, 0.07 ಮಿ.ಮೀ. ಓವಲ್! ಕ್ರ್ಯಾಂಕ್ ಇಳಿಸಿ ಗ್ರೈಂಡಿಂಗ್‌ಗೆ ಕೊಟ್ಟು, ಜೆ.ಸಿ. ರಸ್ತೆಯಿಂದ 0.25 ಮಿ.ಮೀ. ಅಂಡರ್‌ಸೈಜ್ ಶೆಲ್ (ಗ್ರೈಂಡ್ ಆಗಿ ಸಣ್ಣಗಾದ ಪಿನ್‌ಗೆ ಹೊಂದುವಂಥದ್ದು), ಹೊಸ ರಾಡ್ ಬೋಲ್ಟ್ ತಂದೆ. ರಾಡ್‌ಗಳ ಬೆಂಡ್ ಕೂಡ ಚೆಕ್ ಮಾಡಿಸಿದೆ, ಎಲ್ಲ ನೆಟ್ಟಗಿವೆ. ಕ್ಯಾಪ್‌ಗಳ ನಂಬರ್ ನೋಡಿ ಅದರದರ ರಾಡ್‌ಗೇ ಕೂರಿಸಿದೆವು.

ಕಾರಣ ಏನು ಗೊತ್ತಾ? ಒಂದು ಇಂಜೆಕ್ಟರ್ ಸೋರಿ ಆಯಿಲ್‌ಗೆ ಡೀಸೆಲ್ ಬೆರೆತು ತೆಳ್ಳಗಾಗಿತ್ತು. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಇಳಿಯೋದೇ ಇಲ್ಲ, ನನ್ನ ಗಾಡಿ ಆಯಿಲ್ ಕುಡಿಯಲ್ಲ ಅಂತ ನಾನು ಜಂಬ ಕೊಚ್ಚಿಕೊಂಡಿದ್ದೆ; ಮಟ್ಟ ಉಳಿಸುತ್ತಿದ್ದದ್ದು ಆ ಡೀಸೆಲ್ಲೇ.

ನಿನ್ನೆ ಲೋಡ್ ಹಾಕಿ ನೆಲಮಂಗಲದವರೆಗೆ ಹೋಗಿ ಬಂದೆ. ಪ್ರೆಶರ್ ನಿಂತಿದೆ, ಸದ್ದಿಲ್ಲ.