ಸಹಾಯ ಬೇಕು: ಟಿಪ್ಪು ಕಾಲದ ಆನೆ ಪೈಸೆ ಅಸಲಿಯೋ ನಕಲಿಯೋ?

ಎಲ್ಲರಿಗೂ ನಮಸ್ಕಾರ, ನಾನು ಮಂಡ್ಯದವನು. ನಮ್ಮ ಚಿಕ್ಕಪ್ಪ ಆನ್‌ಲೈನ್‌ನಲ್ಲಿ ಟಿಪ್ಪು ಕಾಲದ ತಾಮ್ರದ ಪೈಸೆ ನೋಡಿ ಕೊಳ್ಳಲೇಬೇಕು ಅಂತ ಹಟ ಹಿಡಿದಿದ್ದಾರೆ. ಒಂದು ಕಡೆ ಆನೆ, ಇನ್ನೊಂದು ಕಡೆ ಪರ್ಷಿಯನ್ ಅಕ್ಷರ, ಶ್ರೀರಂಗಪಟ್ಟಣದಲ್ಲೇ ಅಚ್ಚಾಗಿದ್ದಂತೆ. ಗದ್ದೆ ಉಳುವಾಗ ಸಿಕ್ಕಿತು ಅನ್ನುತ್ತಾನೆ ಮಾರುವವನು (ಎಲ್ಲರಿಗೂ ಗದ್ದೆಯಲ್ಲೇ ಸಿಗುತ್ತೆ ನೋಡಿ!).

ನನ್ನ ಅನುಮಾನ ಇಷ್ಟೇ. ಅವನು ಹಾಕಿರುವ ಐದಾರು ನಾಣ್ಯಗಳ ಫೋಟೊದಲ್ಲಿ ಆನೆಯ ಬೆನ್ನಿನ ಗೀರು ಕೂಡ ಎಲ್ಲದರಲ್ಲೂ ಒಂದೇ ಜಾಗದಲ್ಲಿದೆ. ಆಗ ಒಂದೊಂದನ್ನೂ ಕೈಯಲ್ಲೇ ಸುತ್ತಿಗೆಯಿಂದ ಹೊಡೆದು ಅಚ್ಚು ಹಾಕುತ್ತಿದ್ದರು, ಹಾಗಾಗಿ ಎರಡು ನಾಣ್ಯ ತದ್ರೂಪ ಇರೋದು ಕಷ್ಟ ಅಲ್ವಾ? ಮೇಲೆಲ್ಲ ಸಣ್ಣ ಸಣ್ಣ ತೂತುಗಳಿವೆ, ಅಂಚಿನಲ್ಲಿ ಸುತ್ತಲೂ ಒಂದು ಗೆರೆ. ಇದು ಎರಕ ಹೊಯ್ದ ಗುರುತು ಅನಿಸುತ್ತದೆ. ಹಸಿರು ಕಿಲುಬು ಬೇರೆ ಪೇಂಟ್ ಬಳಿದ ಹಾಗಿದೆ.

ತೂಕ ಕೇಳಿದರೆ ಉತ್ತರವೇ ಇಲ್ಲ, ಸುಮ್ನೆ "ಬೇಗ ಅಡ್ವಾನ್ಸ್ ಹಾಕಿ ಸಾರ್" ಅಂತಾನೆ.

ಅಸಲಿ ಆನೆ ಪೈಸೆ ಇಟ್ಟುಕೊಂಡವರು ಅದರ ತೂಕ, ಅಂಚಿನ ಫೋಟೊ ಹಾಕುತ್ತೀರಾ? ಮೈಸೂರಿನಲ್ಲಿ ನಾಣ್ಯ ಪರೀಕ್ಷಿಸಿ ಹೇಳುವವರು ಯಾರಾದರೂ ಇದ್ದರೆ ಅದನ್ನೂ ತಿಳಿಸಿ. ಚಿಕ್ಕಪ್ಪ ನನ್ನ ಮಾತು ಕೇಳೋದಿಲ್ಲ, ಗೊತ್ತಿರುವವರು ಹೇಳಿದರೆ ಕೇಳಬಹುದು.