ಅಪ್‌ಡೇಟ್: ನಿದ್ದೆಯಲ್ಲಿ ಫಿಟ್ಸ್, ಜೊತೆಗೆ ಗೊರಕೆ. ಕಾರಣ ಸಿಕ್ಕಿತು

ಮಾತ್ರೆ ತಪ್ಪಿಸದಿದ್ದರೂ ಅಣ್ಣನಿಗೆ ನಿದ್ದೆಯಲ್ಲಿ ಫಿಟ್ಸ್ ಬರುತ್ತಿದೆ, ಜೋರು ಗೊರಕೆಯೂ ಇದೆ ಅಂತ ಕೇಳಿದ್ದೆನಲ್ಲ? ಇಇಜಿ (ಮೆದುಳಿನ ವಿದ್ಯುತ್ ಚಟುವಟಿಕೆ ನೋಡುವ ಪರೀಕ್ಷೆ) ಜೊತೆಗೇ ಸ್ಲೀಪ್ ಸ್ಟಡಿ (ನಿದ್ದೆಯಲ್ಲಿ ಉಸಿರು, ಆಮ್ಲಜನಕ ಅಳೆಯುವ ಪರೀಕ್ಷೆ) ಮಾಡಿಸಿ ಅಂದವರ ಸಲಹೆಯೇ ಫಲಿಸಿತು, ತುಂಬಾ ಥ್ಯಾಂಕ್ಸ್. ಉಸಿರು ಗಂಟೆಗೆ 34 ಸಲ ಕಟ್ಟುತ್ತಿತ್ತು. 30 ದಾಟಿದರೆ ಅದು ತೀವ್ರ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ). ಹೀಗೆ ಆಮ್ಲಜನಕ ಇಳಿದು ನಿದ್ದೆ ಮತ್ತೆ ಮತ್ತೆ ಒಡೆಯುತ್ತದೆ, ಒಡೆದ ನಿದ್ದೆ ಫಿಟ್ಸ್ ಕೆರಳಿಸುತ್ತದೆ.

ಮಗ್ಗುಲಾಗಿ ಮಲಗಿದ್ದು, ದಿಂಬು ಎತ್ತರಿಸಿದ್ದು ಸಾಲಲಿಲ್ಲ. ಸಿಪ್ಯಾಪ್ (ಮಾಸ್ಕ್ ಮೂಲಕ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವ ಯಂತ್ರ) ಹಾಕಿದ ಮೇಲೆ ಫಿಟ್ಸ್ ಕಡಿಮೆಯಾಗಿದೆ. ಮೊದಮೊದಲು ಮೂಗು ಒಣಗಿ ಬಾಯಿಂದ ಗಾಳಿ ಸೋರುತ್ತಿತ್ತು, ಗಾಳಿಗೆ ತೇವ ಕೊಡುವ ಹ್ಯೂಮಿಡಿಫೈಯರ್ ಸೇರಿಸಿದಾಗ ನಿಂತಿತು.

ಗೊತ್ತೇ ಇರದಿದ್ದ ಸಂಗತಿ: ಫಿಟ್ಸ್‌ಗೆ ಕೊಡುವ ಮಾತ್ರೆಗಳಲ್ಲಿ ಕ್ಲೋನಾಜೆಪಾಮ್ ಗಂಟಲಿನ ಸ್ನಾಯು ಸಡಿಲಿಸಿ, ವಾಲ್ಪ್ರೊಯೇಟ್ ತೂಕ ಏರಿಸಿ ಆಪ್ನಿಯಾ ಹೆಚ್ಚಿಸಬಹುದು. ಹಾಗಂತ ದಯವಿಟ್ಟು ಮಾತ್ರೆ ನೀವಾಗಿಯೇ ನಿಲ್ಲಿಸಬೇಡಿ, ಫಿಟ್ಸ್ ಒಂದರ ಮೇಲೊಂದು ಬಂದೀತು. ನರರೋಗ ತಜ್ಞರನ್ನೇ ಕೇಳಿ.