ಪದ ಬೇಕಾಗಿದೆ (ತುರ್ತು): ಕಂಪ್ಯೂಟರ್ ‘ಬೂಟ್ ಆಗುವುದು’

ಬಳಗದ ಎಲ್ಲರಿಗೂ ನಮಸ್ಕಾರ.

ಈ ಗುರುವಾರದೊಳಗೆ ನನಗೆ ಒಂದು ಕ್ರಿಯಾಪದ ಬೇಕಾಗಿದೆ. ಕಂಪ್ಯೂಟರಿಗೆ ವಿದ್ಯುತ್ ಬಂದ ಬಳಿಕ ಅದರೊಳಗಿನ ಆಪರೇಟಿಂಗ್ ಸಿಸ್ಟಮ್ ಡಿಸ್ಕಿನಿಂದ ಮೇಲೆ ಬಂದು ಕೆಲಸಕ್ಕೆ ಅಣಿಯಾಗುವುದನ್ನು ‘ಬೂಟ್ ಆಗುವುದು’ ಎನ್ನುತ್ತೇವಲ್ಲ, ಕಚೇರಿಯ ಗುಮಾಸ್ತರಿಗೆ ಒಮ್ಮೆ ಓದಿದರೆ ತಿಳಿಯುವಂತೆ ಅದನ್ನು ಹೇಳುವುದು ಹೇಗೆ?

ನಾನು ಶಿರಸಿಯವನು. ಒಂದು ಸಹಕಾರಿ ಸಂಸ್ಥೆಯ 8 ಶಾಖೆಗಳ 31 ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಆಗಲಿ, ಇಂಟೆಲ್‌ನ 8ನೆಯ ಪೀಳಿಗೆಯ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಆಗಲಿ ನಮ್ಮ 19 ಯಂತ್ರಗಳಲ್ಲಿ ಇಲ್ಲ. ಹೀಗಾಗಿ ಅವಕ್ಕೆ ಉಬುಂಟು 24.04 ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕುತ್ತಿದ್ದೇವೆ. ಪ್ರತಿಯೊಂದು ಮೇಜಿನ ಪಕ್ಕದ ಗೋಡೆಗೆ ಒಂದು ಪುಟದ ಕನ್ನಡ ಸೂಚನೆಯನ್ನು ಅಂಟಿಸಬೇಕೆಂದು ಆಡಳಿತ ಮಂಡಳಿ ಒಪ್ಪಿದೆ.

ಪದ ಏಕೆ ಬೇಕೆಂಬುದನ್ನೂ ಹೇಳಬೇಕು. ಕಳೆದ ಮಳೆಗಾಲದಲ್ಲಿ ಯಲ್ಲಾಪುರದ ಕಡೆಯ ಶಾಖೆಯೊಂದರಿಂದ ‘ಕಂಪ್ಯೂಟರ್ ಆನ್ ಆಗ್ತಿಲ್ಲ’ ಎಂದು ಕರೆ ಬಂತು. ಪೆನ್‌ಡ್ರೈವ್, ಬದಲಿ ಡಿಸ್ಕ್ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಬಸ್ಸು ಹಿಡಿದು ಹೋದೆ. ಯುಪಿಎಸ್ಸಿನ ಹಿಂಬದಿಯ ಸ್ವಿಚ್ಚು ಆಫ್ ಆಗಿತ್ತು, ಅಷ್ಟೇ. ಎರಡು ವಾರದ ನಂತರ ಅದೇ ಶಾಖೆಯಿಂದ ಅದೇ ಮಾತಿನ ಕರೆ ಬಂದಾಗ, ಈ ಸಲ ಎಚ್ಚರದಿಂದಿರಬೇಕೆಂದು, ಫೋನಿನಲ್ಲೇ ತಂತಿಗಳನ್ನು ಪರೀಕ್ಷಿಸಲು ಹೇಳಿದೆ. ಅಲ್ಲಿದ್ದವರು ಅರ್ಧ ಗಂಟೆ ತಂತಿ ಬಿಚ್ಚಿದರು, ಸಿಕ್ಕಿಸಿದರು. ಅಷ್ಟು ಹೊತ್ತೂ ಪರದೆಯ ಮೇಲೆ ಬಿಳಿಯ ಅಕ್ಷರಗಳು ‘ನೋ ಬೂಟಬಲ್ ಡಿವೈಸ್’ ಎಂದು ತೋರಿಸುತ್ತಲೇ ಇದ್ದವು. ಯಾರದೋ ಪೆನ್‌ಡ್ರೈವ್ ಮುಂಭಾಗದಲ್ಲೇ ಉಳಿದುಹೋಗಿತ್ತು, ಯಂತ್ರವು ಮೊದಲು ಅದರಿಂದ ಬೂಟ್ ಆಗಲು ಹವಣಿಸಿ ಸೋಲುತ್ತಿತ್ತು. ತೊಂದರೆ ಎರಡು, ಮಾತು ಮಾತ್ರ ಒಂದೇ: ‘ಆನ್ ಆಗ್ತಿಲ್ಲ’.

ಕರಡಿನಲ್ಲಿ ಸದ್ಯಕ್ಕೆ ‘ಬೂಟ್‌ದೋಷ’ ಎಂದು ಬರೆದಿದ್ದೇನೆ. ಜೊತೆಗೆ, ‘ಇನ್‌ಸ್ಟಾಲ್’ ಎಂಬುದಕ್ಕೆ ಕೆಲವು ತಂತ್ರಾಂಶಗಳ ಕನ್ನಡ ಪರದೆಗಳಲ್ಲಿ ಕಾಣುವ ‘ಅನುಸ್ಥಾಪಿಸು’ ಸರಿಯೇ ಎಂಬುದನ್ನೂ ತಿಳಿಸಬೇಕು.

ಶಿರಸಿಯಿಂದ

* * *

ಮಾನ್ಯರೆ,

ಎರಡನೆಯ ಪ್ರಶ್ನೆಯನ್ನು ಮೊದಲು ಮುಗಿಸುತ್ತೇನೆ. ‘ಅನುಸ್ಥಾಪಿಸು’ ತಪ್ಪು. ‘ಅನು’ ಎಂಬ ಉಪಸರ್ಗಕ್ಕೆ ಹಿಂಬಾಲಿಸುವ, ಹೋಲುವ ಅರ್ಥವುಂಟು. ಅನುಸರಣೆ, ಅನುಕರಣೆಗಳಲ್ಲಿ ಅದು ತನ್ನ ಕೆಲಸವನ್ನು ಮಾಡುತ್ತದೆ. ಇಲ್ಲಿ ಅದು ಯಾವುದನ್ನು ಹಿಂಬಾಲಿಸುತ್ತಿದೆ? ಬರಿಯ ‘ಸ್ಥಾಪಿಸು’ ಎಂದರೆ ಸಂಘವನ್ನೋ ವಿಗ್ರಹವನ್ನೋ ನೆಲೆಗೊಳಿಸಿದ ಹಾಗಾಗುತ್ತದೆ.

ಕನ್ನಡದಲ್ಲಿ ‘ಅಳವಡಿಸು’ ಇದೆ. ‘ಅಳವು’ ಎಂದರೆ ಅಳತೆ, ಶಕ್ತಿ, ಹವಣು. ಅದಕ್ಕೆ ‘ಪಡು’ ಸೇರಿ ‘ಅಳವಡು’ ಆಯಿತು, ಪ್ರೇರಣಾರ್ಥದಲ್ಲಿ ‘ಅಳವಡಿಸು’ ಬಂತು. ಒಂದರ ಹವಣಿಗೆ ಇನ್ನೊಂದು ಒಗ್ಗುವಂತೆ ಮಾಡುವುದೇ ಅದರ ಅರ್ಥ. ನೀವೇ ಬರೆದಿರುವಂತೆ ವಿಂಡೋಸ್ 11 ನಿಮ್ಮ ಯಂತ್ರಗಳ ಅಳವನ್ನು ಮೀರಿದೆ, ಉಬುಂಟು ಅಳವಿಗೆ ಒಗ್ಗಿದೆ. ಯಂತ್ರದ ಪ್ರೊಸೆಸರು, ಮೆಮೊರಿ, ಪ್ರಿಂಟರನ್ನು ನಡೆಸುವ ಡ್ರೈವರ್ ತಂತ್ರಾಂಶ ಇವೆಲ್ಲವನ್ನೂ ನೋಡಿ ಹೊಂದಿಸುವ ಕೆಲಸಕ್ಕೆ ಇದಕ್ಕಿಂತ ತಕ್ಕ ಪದವನ್ನು ಹೊಸದಾಗಿ ಕಟ್ಟಿದರೂ ಕಟ್ಟಲಾಗದು. ನಮ್ಮ ಮನೆಯಲ್ಲೇ ಇರುವ ಇಂಥ ಪದವನ್ನು ಬಿಟ್ಟು ಉಪಸರ್ಗಗಳನ್ನು ಅಂಟಿಸುತ್ತ ಕೂರುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಇನ್ನು ‘ಬೂಟ್’. ಬೂಟಿನ ಹಿಂಬದಿಯ ಪಟ್ಟಿಯನ್ನು ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವುದು ಎಂಬ ಇಂಗ್ಲಿಷ್ ನುಡಿಗಟ್ಟಿನಿಂದ ಅದು ಹುಟ್ಟಿತು. ಕನ್ನಡದಲ್ಲಿ ಅದು ಪಾದರಕ್ಷೆ, ಬೇರೇನೂ ಅಲ್ಲ. ‘ಏಳು’, ‘ಎಬ್ಬಿಸು’ ಎಂಬ ಅಕರ್ಮಕ, ಸಕರ್ಮಕ ಜೋಡಿ ನಮ್ಮಲ್ಲಿ ಸಿದ್ಧವಾಗಿದೆ: ‘ಕಂಪ್ಯೂಟರ್ ಏಳುತ್ತಿಲ್ಲ’, ‘ಕಂಪ್ಯೂಟರನ್ನು ಎಬ್ಬಿಸಿ’. ‘ಬೂಟ್‌ದೋಷ’ ಎಂಬುದು ಅರಿಸಮಾಸಕ್ಕಿಂತಲೂ ಕೆಟ್ಟದ್ದು. ಅದನ್ನು ಕೂಡಲೇ ಅಳಿಸಿ.

ಮೈಸೂರಿನಿಂದ

* * *

ಅರಿಸಮಾಸದ ಮಾತು ಇಲ್ಲಿ ಸಲ್ಲದು. ಅದು ಸಂಸ್ಕೃತ ಮತ್ತು ಕನ್ನಡ ಪದಗಳ ಕೂಡಿಕೆಗೆ ಹೇಳಿದ ಕಟ್ಟಳೆ. ಕ್ರಿಯಾಸಮಾಸಕ್ಕೂ ಗಮಕಸಮಾಸಕ್ಕೂ ಆ ಕಟ್ಟಳೆ ಇಲ್ಲವೆಂಬುದನ್ನು ಶಾಲೆಯ ವ್ಯಾಕರಣದಲ್ಲೇ ಓದಿದ್ದೇವೆ.

ಅದಕ್ಕಿಂತ ಮುಖ್ಯವಾದದ್ದು ಬೇರೆಯಿದೆ. ಎರವಲು ಪದವನ್ನು ಕ್ರಿಯಾಪದವಾಗಿಸಲು ಕನ್ನಡಕ್ಕೆ ತನ್ನದೇ ದಾರಿಗಳಿವೆ. ಸಂಸ್ಕೃತದ ಮೂಲಕ್ಕೆ ಅದು ‘ಇಸು’ ಹಚ್ಚುತ್ತದೆ: ಸ್ಥಾಪಿಸು, ಪಠಿಸು. ಅರಬ್ಬಿ, ಫಾರಸಿಗಳಿಂದ ಬಂದ ಪದಗಳಿಗೆ ಹೆಚ್ಚಾಗಿ ‘ಆಗು’, ‘ಮಾಡು’ಗಳನ್ನು ಸೇರಿಸುತ್ತದೆ: ರದ್ದಾಗು, ರದ್ದುಮಾಡು, ಜಮಾ ಆಗು, ಜಮಾ ಮಾಡು, ಖಾಲಿಯಾಗು, ಖಾಲಿಮಾಡು. ‘ಬೂಟ್ ಆಗು’, ‘ಬೂಟ್ ಮಾಡು’ ಅದೇ ದಾರಿಯಲ್ಲಿ ಬಂದಿವೆ. ಆದುದರಿಂದ ಅವು ಕನ್ನಡದ ಕ್ರಿಯಾಪದಗಳು. ಯಾರೂ ಕೂತು ಕಲಿಸದೆಯೇ ಜನರ ನಾಲಗೆ ಇಷ್ಟನ್ನು ಮಾಡಿಕೊಂಡಿದೆ. ಅರ್ಜಿ, ನಕಲು, ರದ್ದು, ಜಮಾ ಎಂಬ ನಾಲ್ಕು ಪದಗಳನ್ನು ತೆಗೆದುಹಾಕಿದರೆ ಕನ್ನಡ ನಾಡಿನ ಯಾವ ಕಚೇರಿಯೂ ಒಂದು ದಿನವೂ ನಡೆಯದು. ಪರ್ಷಿಯನ್ನಿಗೆ ತೆರೆದ ಬಾಗಿಲನ್ನು ಇಂಗ್ಲಿಷಿಗೆ ಮುಚ್ಚಬೇಕೆನ್ನುವವರು ಅದಕ್ಕೆ ಕಾರಣ ಕೊಡಬೇಕು.

ಬೇರೆ ಪದವೇ ಬೇಕೆಂದರೆ ನಮ್ಮ ಕಡೆ ‘ಚಾಲೂ’ ಇದೆ. ಪಂಪು ಚಾಲೂ ಆಗುತ್ತದೆ, ಗಿರಣಿ ಚಾಲೂ ಆಗುತ್ತದೆ, ಕಂಪ್ಯೂಟರೂ ಚಾಲೂ ಆಗುತ್ತದೆ.

ಧಾರವಾಡದಿಂದ

* * *

ಶಿರಸಿಯವರೆ,

ನಾನು ಬೆಂಗಳೂರಿನಲ್ಲಿ ತಂತ್ರಾಂಶಗಳ ಪರದೆಗಳನ್ನು ಕನ್ನಡಿಸುವ ಕೆಲಸ ಮಾಡುತ್ತೇನೆ. ಮೇಲಿನ ಇಬ್ಬರ ಸಲಹೆಗಳೂ ನಿಮ್ಮ ತೊಂದರೆಯನ್ನು ಬಗೆಹರಿಸುವುದಿಲ್ಲ.

‘ಚಾಲೂ’ ಬೇಡ. ಪಂಪಿಗೆ ವಿದ್ಯುತ್ ಕೊಟ್ಟರೆ ಅದು ತಿರುಗಿತು, ಅಲ್ಲಿಗೆ ಮುಗಿಯಿತು. ಕಂಪ್ಯೂಟರಿನಲ್ಲಿ ವಿದ್ಯುತ್ ಬರುವುದು ಬೇರೆ, ಸಿಸ್ಟಮ್ ಬರುವುದು ಬೇರೆ. ಆ ಎರಡರ ನಡುವಿನ ಗೆರೆಯೇ ನಿಮಗೆ ಬೇಕಾದದ್ದು. ‘ಆನ್’ ಅಳಿಸಿದ ಗೆರೆಯನ್ನು ‘ಚಾಲೂ’ ಕೂಡ ಅಳಿಸುತ್ತದೆ.

‘ಏಳು’, ‘ಎಬ್ಬಿಸು’ ಕೂಡ ಬೇಡ. ಆಪರೇಟಿಂಗ್ ಸಿಸ್ಟಮ್‌ಗಳಲ್ಲಿ ‘ನಿದ್ರೆ’ ಎಂಬ ಸ್ಥಿತಿಯೊಂದು ಮೊದಲೇ ಇದೆ. ಆಗ ಮೆಮೊರಿಗೆ ವಿದ್ಯುತ್ ಹರಿಯುತ್ತಲೇ ಇರುತ್ತದೆ, ತೆರೆದಿಟ್ಟ ಕೆಲಸ ಇದ್ದಲ್ಲೇ ಇರುತ್ತದೆ, ಕೀಲಿಮಣೆ ಮುಟ್ಟಿದರೆ ಯಂತ್ರ ಏಳುತ್ತದೆ. ಬೂಟ್ ಆಗುವಾಗ ಮೆಮೊರಿ ಬರಿದಾಗಿರುತ್ತದೆ. ಬೋರ್ಡಿನ ಮೇಲಿನ ಚಿಕ್ಕ ತಂತ್ರಾಂಶವು ಬೂಟ್ ಲೋಡರನ್ನು ಹುಡುಕುತ್ತದೆ, ಬೂಟ್ ಲೋಡರು ಸಿಸ್ಟಮ್ಮಿನ ತಿರುಳಾದ ಕರ್ನೆಲನ್ನು ತರುತ್ತದೆ, ಕರ್ನೆಲ್ ಉಳಿದೆಲ್ಲವನ್ನೂ ತರುತ್ತದೆ. ಚಿಕ್ಕದು ತನಗಿಂತ ದೊಡ್ಡದನ್ನು ಹಂತಹಂತವಾಗಿ ಎತ್ತುವ ಈ ಕ್ರಮ ‘ಎದ್ದಿತು’ ಎಂಬ ಮಾತಿನಲ್ಲಿ ಕಾಣುವುದಿಲ್ಲ. ನನ್ನ ಸಹೋದ್ಯೋಗಿಯೊಬ್ಬರು ಹಿಂದೆ ಒಲೆಯ ಹೋಲಿಕೆಯಿಂದ ‘ಹೊತ್ತಿಸು’ ಎಂದು ಸೂಚಿಸಿದ್ದರು. ಚಿಕ್ಕ ಕಡ್ಡಿಯಿಂದ ದೊಡ್ಡ ಸೌದೆಗೆ ಉರಿ ಹತ್ತುವ ಕಲ್ಪನೆ ಚೆನ್ನಾಗಿದೆ. ಆದರೆ ‘ಕಂಪ್ಯೂಟರ್ ಹೊತ್ತಿಕೊಂಡಿತು’ ಎಂದು ಫೋನಿನಲ್ಲಿ ಕೇಳಿದವರು ನೀರು ತರಲು ಓಡುತ್ತಾರೆ.

ಇನ್ನೊಂದು ಎಚ್ಚರಿಕೆ. ‘ಆರಿಸಿ’ ಎಂಬ ಪದವನ್ನು ನಿಮ್ಮ ಹಾಳೆಯಲ್ಲಿ ಎಲ್ಲಿಯೂ ಬಳಸಬೇಡಿ. ದೀಪ ಆರಿಸುವುದೂ ಪಟ್ಟಿಯಲ್ಲಿ ಒಂದನ್ನು ಆರಿಸುವುದೂ ಒಂದೇ ರೂಪದಲ್ಲಿವೆ. ‘ಮೊದಲನೆಯ ಕಂಪ್ಯೂಟರನ್ನು ಆರಿಸಿ’ ಎಂದರೆ ಓದುವವರು ಏನು ಮಾಡಬೇಕು? ‘ಆಫ್ ಮಾಡಿ ಆನ್ ಮಾಡಿ’ ಎಂಬುದನ್ನೂ ‘ರೀಸ್ಟಾರ್ಟ್’ ಎಂಬುದನ್ನೂ ಒಂದೆಂದು ಬರೆಯುವುದು ಸಹ ತಪ್ಪು. ವಿಂಡೋಸ್ 8ರಿಂದೀಚೆಗೆ ಬಂದಿರುವ ‘ಫಾಸ್ಟ್ ಸ್ಟಾರ್ಟಪ್’ ಚಾಲ್ತಿಯಲ್ಲಿದ್ದರೆ, ಶಟ್‌ಡೌನ್ ಮಾಡಿದಾಗ ಕರ್ನೆಲಿನ ಸ್ಥಿತಿ ಡಿಸ್ಕಿನಲ್ಲಿ ಉಳಿದು, ಮರುದಿನ ಅದೇ ವಾಪಸು ಬರುತ್ತದೆ. ಕೆಟ್ಟ ಡ್ರೈವರೊಂದು ಸಿಕ್ಕಿಕೊಂಡಿದ್ದರೆ ಅದೂ ಜೊತೆಗೇ ಬರಬಹುದು. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಮೊದಲಿನಿಂದ ತರುತ್ತದೆ. ನಿಮ್ಮ ಉಳಿದ 12 ಯಂತ್ರಗಳಲ್ಲಿ ವಿಂಡೋಸ್ ಇರುವುದಾದರೆ ಇದು ನಿಮಗೆ ಬೇಕಾಗುತ್ತದೆ.

ಬೆಂಗಳೂರಿನಿಂದ

* * *

ಬೆಂಗಳೂರಿನವರು ‘ನಿದ್ರೆ’ಯ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ, ‘ಏಳು’ ಎಂಬ ಸಲಹೆಯನ್ನು ಹಿಂದಕ್ಕೆ ಪಡೆದಿದ್ದೇನೆ. ಧಾರವಾಡದವರ ವಾದವನ್ನು ಒಪ್ಪುವುದಿಲ್ಲ. ‘ರದ್ದು’, ‘ಜಮಾ’ಗಳು ಆಡಳಿತದ ಜೊತೆಗೆ ಬಂದು ತಲೆಮಾರುಗಳ ಬಳಕೆಯಲ್ಲಿ ಪಳಗಿದವು. ಇಂದು ಬೆಳಗ್ಗೆ ಬಂದ ಪದವನ್ನು ಸಂಜೆಗೆ ಕನ್ನಡವೆಂದು ಸಾರುವುದು ಸೋಮಾರಿತನ.

ಪಳಗಿಸುವುದು ಹೇಗೆಂಬುದಕ್ಕೆ ಫೈಲಿಗೆ ನಾವು ಹೇಳುವ ‘ಕಡತ’ವನ್ನೇ ನೋಡಿ. ಉದ್ದನೆಯ ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಕಪ್ಪಾಗಿಸಿ, ಮಡಿಕೆ ಹಾಕಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದ ಪುಸ್ತಕ ಅದು. ಶೃಂಗೇರಿ ಮಠದ ಕಡತಗಳು ಪ್ರಸಿದ್ಧವಾಗಿವೆ. ಬರೆದದ್ದು ಬೇಡವಾದರೆ ಒರೆಸಿ, ಮತ್ತೆ ಬಳಿದು, ಹೊಸದಾಗಿ ಬರೆಯಬಹುದಿತ್ತು. ಡಿಸ್ಕನ್ನು ಫಾರ್ಮ್ಯಾಟ್ ಮಾಡುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ‘ಡಿಸ್ಕನ್ನು ಒರೆಸಿ ಹೊಸದಾಗಿ ಬಳಿಯಲಾಗುತ್ತದೆ’ ಎಂದು ಧೈರ್ಯವಾಗಿ ಬರೆಯಿರಿ.

ಮೈಸೂರಿನಿಂದ

* * *

ಎಲ್ಲರಿಗೂ ವಂದನೆಗಳು. ನಾಳೆ ಮಧ್ಯಾಹ್ನ ಹಾಳೆ ಅಚ್ಚಿಗೆ ಹೋಗುತ್ತದೆ. ಆದುದರಿಂದ ನಾನು ಮಾಡಿಕೊಂಡ ತೀರ್ಮಾನಗಳನ್ನು ತಿಳಿಸುತ್ತೇನೆ.

‘ಅಳವಡಿಸು’ ಪದವನ್ನು ಸಂತೋಷದಿಂದ ತೆಗೆದುಕೊಂಡಿದ್ದೇನೆ. ‘ಅನುಸ್ಥಾಪನೆ’ಯನ್ನು ಎಲ್ಲ ಕಡೆಯೂ ಅಳಿಸಿದ್ದೇನೆ. ಕಡತದ ವಿವರಣೆಯನ್ನು ಎರಡು ಸಲ ಓದಿದೆ. ಆದರೆ ‘ಬಳಿಯಲಾಗುತ್ತದೆ’ ಎಂಬುದನ್ನು ಬರೆಯಲಾರೆ. ತಮ್ಮ ಹತ್ತು ವರ್ಷದ ಪತ್ರಗಳು ಉಳಿಯುತ್ತವೆಯೋ ಹೋಗುತ್ತವೆಯೋ ಎಂಬ ಭಯದಲ್ಲಿರುವವರಿಗೆ ‘ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮೊದಲು ನಕಲು ತೆಗೆದಿಡಿ’ ಎಂದು ಹೇಳುವುದೇ ನ್ಯಾಯ.

‘ಬೂಟ್’ ವಿಚಾರ. ನಿನ್ನೆ ಸಿದ್ದಾಪುರದ ಶಾಖೆಗೆ ಹೋಗಿದ್ದಾಗ, ಇಪ್ಪತ್ತು ವರ್ಷಗಳಿಂದ ಅಲ್ಲಿ ಲೆಕ್ಕ ಬರೆಯುತ್ತಿರುವ ಅಕ್ಕನೊಬ್ಬರ ಮುಂದೆ ನಿಮ್ಮೆಲ್ಲರ ಪದಗಳಿದ್ದ ಕರಡನ್ನು ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಕೊನೆಯವರೆಗೂ ಓದಿ, ಪಕ್ಕದ ಯಂತ್ರವನ್ನು ತೋರಿಸಿ ಹೇಳಿದರು: ‘ಲೈಟೆಲ್ಲಾ ಬಂಜು, ಒಳಗೆ ಹೋಗ್ತಾ ಇಲ್ಲೆ.’ ದೀಪವೆಲ್ಲ ಬಂದಿದೆ, ಒಳಕ್ಕೆ ಹೋಗುತ್ತಿಲ್ಲ. ನಾನು ಎರಡು ವಾರದಿಂದ ಹುಡುಕುತ್ತಿದ್ದ ಗೆರೆಯನ್ನು ಅವರು ಒಂದೇ ಮಾತಿನಲ್ಲಿ ಎಳೆದುಬಿಟ್ಟರು. ಆ ಯಂತ್ರದ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗಿತ್ತು. ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಬ್ಯಾಟರಿ ಮುಗಿದು, ಯಾವ ಡಿಸ್ಕಿನಿಂದ ಬೂಟ್ ಆಗಬೇಕೆಂಬುದನ್ನು ಯಂತ್ರ ಮರೆತಿತ್ತು. ಬ್ಯಾಟರಿ ಬದಲಾಯಿಸಿ, ಸೆಟ್ಟಿಂಗನ್ನು ಸರಿಪಡಿಸಿದ ಮೇಲೆ ಒಳಗೆ ಹೋಯಿತು.

ಆದರೂ ‘ಒಳಗೆ ಹೋಗುತ್ತಿಲ್ಲ’ ಎಂಬುದನ್ನು ಇದ್ದ ಹಾಗೆಯೇ ಬಳಸಿದರೆ, ಪಾಸ್‌ವರ್ಡ್ ಮರೆತವರೂ ಅದೇ ಮಾತನ್ನು ಹೇಳುತ್ತಾರೆ. ಬಸ್ಸಿನಲ್ಲಿ ಹಿಂದಿರುಗುವಾಗ ಇದನ್ನು ಯೋಚಿಸಿ, ಕಣ್ಣಿಗೆ ಕಾಣುವುದನ್ನು ಮಾತ್ರ ಹೇಳುವ ಮೂರು ವಾಕ್ಯಗಳನ್ನು ಮಾಡಿಕೊಂಡೆ. ‘ಬೂಟ್ ಆಗು’ ಎಂಬುದು ಧಾರವಾಡದವರು ಹೇಳಿದ ರೂಪದಲ್ಲೇ ನನ್ನ ಮತ್ತು ನನ್ನ ಸಹಾಯಕನ ಕೈಪಿಡಿಯಲ್ಲಿ ಉಳಿಯುತ್ತದೆ, ಗೋಡೆಯ ಹಾಳೆಗೆ ಬರುವುದಿಲ್ಲ. ‘ಬೂಟ್‌ದೋಷ’ ಎರಡರಲ್ಲೂ ಇಲ್ಲ.

ಅಚ್ಚಿಗೆ ಹೋಗುವ ಪಾಠ ಹೀಗಿದೆ. ಅರ್ಥ ಕೆಡುವಂಥ ತಪ್ಪೇನಾದರೂ ಕಂಡರೆ ನಾಳೆ ಹನ್ನೆರಡರೊಳಗೆ ತಿಳಿಸಬೇಕೆಂದು ಕೋರುತ್ತೇನೆ.

‘ಕರೆ ಮಾಡುವ ಮೊದಲು ಇವುಗಳಲ್ಲಿ ಯಾವುದೆಂದು ನೋಡಿ.

ದೀಪ ಬಂದಿಲ್ಲ: ಯುಪಿಎಸ್ಸಿನ ಹಿಂದಿನ ಸ್ವಿಚ್ಚು, ಪೆಟ್ಟಿಗೆಯ ತಂತಿ, ಮಾನಿಟರಿನ ತಂತಿ ಈ ಮೂರನ್ನೂ ನೋಡಿ.

ದೀಪ ಬಂದಿದೆ, ಪಾಸ್‌ವರ್ಡ್ ಕೇಳುತ್ತಿಲ್ಲ: ತಂತಿಗಳನ್ನು ಮುಟ್ಟಬೇಡಿ. ಪೆನ್‌ಡ್ರೈವ್ ಸಿಕ್ಕಿಸಿದ್ದರೆ ತೆಗೆಯಿರಿ. ಪರದೆಯ ಮೇಲಿರುವ ಅಕ್ಷರಗಳ ಫೋಟೋ ತೆಗೆದು ಮೊಬೈಲಿನಲ್ಲಿ ಕಳುಹಿಸಿ.

ಪಾಸ್‌ವರ್ಡ್ ಕೇಳುತ್ತಿದೆ, ಒಳಗೆ ಬಿಡುತ್ತಿಲ್ಲ: ಕ್ಯಾಪ್ಸ್ ಲಾಕ್ ನೋಡಿ. ಕೀಲಿಮಣೆ ಕನ್ನಡದಲ್ಲಿದ್ದರೆ ಇಂಗ್ಲಿಷಿಗೆ ಬದಲಾಯಿಸಿ ಮತ್ತೊಮ್ಮೆ ಟೈಪ್ ಮಾಡಿ.’

ಶಿರಸಿಯಿಂದ